ಕೊನೆಯ ಸಾಲಿನ ಶೇಕಡಾವಾರು ಎಲ್ಲಿಂದ ಬಂತು?

ಮಾನ್ಯ ಸಂಪಾದಕರೇ,

ಜಿಲ್ಲಾ ಮಟ್ಟದ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ ಮುಗಿದ ಮೇಲೆ ತಾಲ್ಲೂಕುವಾರು ಪ್ರಗತಿಯ ಕೋಷ್ಟಕ ಪತ್ರಿಕೆಗಳಲ್ಲಿ ಬರುವುದುಂಟು. ಬಿಡುಗಡೆಯಾದ ಅನುದಾನ, ವೆಚ್ಚ, ಶೇಕಡಾವಾರು, ಷರಾ, ತಳದಲ್ಲಿ 'ಜಿಲ್ಲೆಯ ಸರಾಸರಿ'. ಇಂಥ ಕೋಷ್ಟಕಗಳನ್ನು ಈಗ ಕಚೇರಿಗಳಲ್ಲೂ ಸಹಕಾರ ಸಂಘಗಳಲ್ಲೂ ಕಂಪನಿಗಳಲ್ಲೂ ಅಂಕಿಅಂಶಗಳನ್ನು ಕೋಷ್ಟಕ, ಚಾರ್ಟ್‌ಗಳಾಗಿಸುವ ಪವರ್ ಬಿಐನಂಥ ತಂತ್ರಾಂಶದಲ್ಲಿ ತಯಾರಿಸುವವರು ಹೆಚ್ಚುತ್ತಿದ್ದಾರೆ. ಎಕ್ಸೆಲ್ ಹಾಳೆಯಲ್ಲಿ ಆಗುತ್ತಿದ್ದ ತಪ್ಪೇ ಈಗ ಬಣ್ಣ ಬಳಿದುಕೊಂಡು ಪರದೆಯ ಮೇಲೆ ಬರುತ್ತಿದೆ. ಅದು ಎಲ್ಲಿ ಹುಟ್ಟುತ್ತದೆ, ಸಾರಾಂಶ ಕೋಷ್ಟಕವನ್ನು ಹೇಗೆ ಕಟ್ಟಿದರೆ ಹುಟ್ಟುವುದಿಲ್ಲ ಎಂಬುದನ್ನು ಇದೇ ಕೆಲಸದಲ್ಲಿರುವ ನಾವು ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ಅರ್ಧಂಬರ್ಧ ಹೇಳಿದರೆ ಯಾರಿಗೂ ಉಪಯೋಗವಿಲ್ಲ.

ಮೊದಲು ಕಾಲ್ಪನಿಕ ಅಂಕಿಗಳ ಒಂದು ಲೆಕ್ಕ. ನಾಲ್ಕು ತಾಲ್ಲೂಕುಗಳಿಗೆ ಕ್ರಮವಾಗಿ 800, 100, 60, 40 ಲಕ್ಷ ರೂಪಾಯಿ ಬಿಡುಗಡೆಯಾಗಿದೆ. ವೆಚ್ಚವಾದದ್ದು 400, 95, 54, 34 ಲಕ್ಷ. ಅಂದರೆ ಶೇ 50, ಶೇ 95, ಶೇ 90, ಶೇ 85. ಈ ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿದರೆ ಶೇ 80 ಬರುತ್ತದೆ. ಆದರೆ ಜಿಲ್ಲೆಗೆ ಬಂದದ್ದು 1000 ಲಕ್ಷ, ಖರ್ಚಾದದ್ದು 583 ಲಕ್ಷ, ಅಂದರೆ ಶೇ 58.3. ಖರ್ಚಾಗದ ಹಣದ ಬಹುಪಾಲು ಒಂದೇ ತಾಲ್ಲೂಕಿನಲ್ಲಿ ಕೊಳೆಯುತ್ತಿದೆ, ಕೋಷ್ಟಕ ಮಾತ್ರ ಶೇ 80 ಪ್ರಗತಿ ಎನ್ನುತ್ತಿದೆ. ಕೂಡುವುದರಲ್ಲಿ, ಭಾಗಿಸುವುದರಲ್ಲಿ ಯಾರೂ ತಪ್ಪಿಲ್ಲ. ಕೂಡಬಾರದ್ದನ್ನು ಕೂಡಿದ್ದೇ ತಪ್ಪು.

ಪವರ್ ಬಿಐನಲ್ಲಿ ಇದಕ್ಕೆ ಕಾರಣ ಬಹುತೇಕ ಒಂದೇ: ಶೇಕಡಾವಾರನ್ನು ಮೆಷರ್ (ಸೂತ್ರವಾಗಿ ಬರೆದಿಟ್ಟ ಅಳತೆ) ಆಗಿ ಬರೆಯುವ ಬದಲು ಕ್ಯಾಲ್ಕುಲೇಟೆಡ್ ಕಾಲಂ ಆಗಿ ಬರೆಯುವುದು, ಅಥವಾ ಮೂಲ ಹಾಳೆಯಲ್ಲೇ ಇದ್ದ ಶೇಕಡಾವಾರು ಕಾಲಂ ಅನ್ನು ಹಾಗೇ ಎಳೆದು ತಂದು 'ಆವರೇಜ್' ಆರಿಸುವುದು. ಕಾಲಂನ ಬೆಲೆ ದತ್ತಾಂಶ ರಿಫ್ರೆಶ್ ಆದಾಗ ಒಂದೊಂದು ಸಾಲಿಗೂ ಒಮ್ಮೆ ಲೆಕ್ಕವಾಗಿ ಅಲ್ಲೇ ಕೂರುತ್ತದೆ. ಆಮೇಲೆ ಕೋಷ್ಟಕಕ್ಕೆ ಉಳಿಯುವ ದಾರಿ ಅದನ್ನು ಕೂಡುವುದು, ಸರಾಸರಿ ತೆಗೆಯುವುದು ಇಂಥವಷ್ಟೇ. ಮೆಷರ್ ಹಾಗಲ್ಲ. ಕೋಷ್ಟಕದ ಪ್ರತಿಯೊಂದು ಕೋಶದಲ್ಲೂ ಅಲ್ಲಿಗೆ ಅನ್ವಯವಾಗುವ ಫಿಲ್ಟರ್ ನೋಡಿಕೊಂಡು ಅದು ಹೊಸದಾಗಿ ಲೆಕ್ಕ ಹಾಕುತ್ತದೆ. ಮೊತ್ತದ ಸಾಲಿನಲ್ಲಿ ತಾಲ್ಲೂಕಿನ ಫಿಲ್ಟರ್ ಇರುವುದಿಲ್ಲವಾದ್ದರಿಂದ ಇಡೀ ಜಿಲ್ಲೆಯ ವೆಚ್ಚವನ್ನು ಇಡೀ ಜಿಲ್ಲೆಯ ಬಿಡುಗಡೆಯಿಂದ ಭಾಗಿಸುತ್ತದೆ. ಮೇಲಿನ ಸಾಲುಗಳಿಗೂ ಕೆಳಗಿನ ಸಾಲಿಗೂ ನಂಟೇ ಇಲ್ಲ. ಕೆಲವರು ಇದನ್ನೇ ದೋಷವೆಂದು ದೂರುತ್ತಾರೆ. ನಮ್ಮ ದೃಷ್ಟಿಯಲ್ಲಿ ಈ ತಂತ್ರಾಂಶದ ಅತ್ಯಂತ ಒಳ್ಳೆಯ ಗುಣ ಇದೇ.

ಬೇಕಾಗುವ ಮೂಲ ಮೆಷರ್‌ಗಳು ಇಷ್ಟು. ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ, ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಟೈಪಿಸಬೇಕು. ಮೆಷರ್, ಕಾಲಂ, ಟೇಬಲ್‌ಗಳ ಹೆಸರು ಕನ್ನಡದಲ್ಲಿದ್ದರೆ ಯಾವ ತೊಂದರೆಯೂ ಇಲ್ಲ, ಸೂತ್ರದೊಳಗೆ ಟೇಬಲ್ ಹೆಸರನ್ನು ಮಾತ್ರ ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು.

ಬಿಡುಗಡೆ = ಸಮ್('ಬಿಡುಗಡೆಪಟ್ಟಿ'[ಮೊತ್ತ])
ವೆಚ್ಚ = ಸಮ್('ವೆಚ್ಚಪಟ್ಟಿ'[ಮೊತ್ತ])
ವೆಚ್ಚದ ಶೇಕಡ = ಡಿವೈಡ್([ವೆಚ್ಚ], [ಬಿಡುಗಡೆ])

ಭಾಗಾಕಾರದ ಗೆರೆಯ ಬದಲು ಡಿವೈಡ್ ಬಳಸುವುದಕ್ಕೆ ಕಾರಣವಿದೆ. ಬಿಡುಗಡೆ ಸೊನ್ನೆಯಾಗಿದ್ದರೆ ಅದು ಕೋಶವನ್ನು ಖಾಲಿ ಬಿಡುತ್ತದೆ, ಗೆರೆ ಹಾಕಿ ಭಾಗಿಸಿದರೆ 'ಇನ್ಫಿನಿಟಿ' ಎಂದು ಬರುತ್ತದೆ. ಸೂತ್ರದಲ್ಲಿ 100ರಿಂದ ಗುಣಿಸಲೂ ಬೇಡಿ. ಗುಣಿಸಿ, ಆಮೇಲೆ ಶೇಕಡಾ ಫಾರ್ಮ್ಯಾಟ್ ಕೊಟ್ಟರೆ 58.3 ಇರಬೇಕಾದಲ್ಲಿ 5830 ಕಾಣಿಸುತ್ತದೆ. ಇನ್ನೊಂದು ರೂಢಿ: ಸೂತ್ರದೊಳಗೆ ಕಾಲಂಗೆ ಟೇಬಲ್ ಹೆಸರು ಸೇರಿಸಿ, ಮೆಷರ್‌ಗೆ ಸೇರಿಸಬೇಡಿ. ಓದುವವರಿಗೆ ಯಾವುದು ಕಾಲಂ, ಯಾವುದು ಮೆಷರ್ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಮೆಷರ್ ಅನ್ನು ಮುಂದೆ ಬೇರೆ ಟೇಬಲ್‌ಗೆ ಸಾಗಿಸಿದಾಗಲೂ ತೊಡಕಾಗುವುದಿಲ್ಲ.

ಇದಕ್ಕೆ ಮೊದಲು ದತ್ತಾಂಶದ ಸ್ಥಿತಿ ನೋಡಿಕೊಳ್ಳಬೇಕು. ನಮ್ಮಲ್ಲಿ ತಾಲ್ಲೂಕಿನಿಂದ ಬರುವ ಹಾಳೆಗಳಲ್ಲಿ ಏಪ್ರಿಲ್, ಮೇ, ಜೂನ್ ಎಂದು ತಿಂಗಳಿಗೊಂದು ಕಾಲಂ ಅಡ್ಡಕ್ಕೆ ಹರಡಿರುತ್ತದೆ. ಪವರ್ ಬಿಐನಲ್ಲಿ ದತ್ತಾಂಶ ಸರಿಪಡಿಸುವ ಭಾಗವಾದ ಪವರ್ ಕ್ವೆರಿಯಲ್ಲಿ ತಾಲ್ಲೂಕು, ಯೋಜನೆ ಕಾಲಂಗಳನ್ನು ಆರಿಸಿ, ಬಲಗುಂಡಿ ಒತ್ತಿ, 'ಅನ್‌ಪಿವಟ್ ಅದರ್ ಕಾಲಮ್ಸ್' ಕೊಟ್ಟರೆ ತಿಂಗಳುಗಳು ಉದ್ದಕ್ಕೆ ಸಾಲಾಗಿ ಇಳಿಯುತ್ತವೆ. ಹಾಳೆಯ ಕೊನೆಯಲ್ಲಿರುವ 'ಒಟ್ಟು' ಸಾಲನ್ನು ಅಲ್ಲೇ ಫಿಲ್ಟರ್ ಮಾಡಿ ಬಿಸಾಡಿ. ಮರೆತರೆ ಮೊತ್ತದ ಸಾಲಿನ ಬಿಡುಗಡೆ, ವೆಚ್ಚಗಳು ಸರಿಯಾಗಿ ಎರಡು ಪಟ್ಟು ಬರುತ್ತವೆ. ತಾಲ್ಲೂಕು, ಯೋಜನೆ, ದಿನಾಂಕಗಳಿಗೆ ಬೇರೆ ಬೇರೆ ಟೇಬಲ್ ಇಟ್ಟು, ಅಲ್ಲಿಂದ ಬಿಡುಗಡೆಪಟ್ಟಿಗೂ ವೆಚ್ಚಪಟ್ಟಿಗೂ ಒಂದರಿಂದ-ಅನೇಕ ಸಂಬಂಧವನ್ನು (ಅಲ್ಲಿ ಒಂದು ತಾಲ್ಲೂಕಿಗೆ ಒಂದೇ ಸಾಲು, ಇಲ್ಲಿ ಹಲವು) ಏಕಮುಖವಾಗಿ ಎಳೆಯಬೇಕು. ಕೋಷ್ಟಕದಲ್ಲಿ ತಾಲ್ಲೂಕಿನ ಹೆಸರನ್ನು ತಾಲ್ಲೂಕು ಟೇಬಲ್‌ನಿಂದಲೇ ಎಳೆಯಬೇಕು. ವೆಚ್ಚಪಟ್ಟಿಯಲ್ಲಿರುವ ಹೆಸರನ್ನು ಎಳೆದರೆ ಪ್ರತಿ ಸಾಲಿನಲ್ಲೂ ಜಿಲ್ಲೆಯ ಪೂರ್ತಿ ಬಿಡುಗಡೆಯೇ ಕಾಣಿಸುತ್ತದೆ, ಏಕೆಂದರೆ ಆ ಹೆಸರಿನ ಫಿಲ್ಟರ್ ಬಿಡುಗಡೆಪಟ್ಟಿಯನ್ನು ಮುಟ್ಟುವುದೇ ಇಲ್ಲ.

ಸಂಬಂಧ ಕೂಡುವುದು ಹೆಸರಿನ ಮೇಲಲ್ಲ, ಸಂಕೇತದ ಮೇಲಿರಲಿ. ಕೇಂದ್ರದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮಗಳಿಗೆಲ್ಲ ಸಂಕೇತ ಸಂಖ್ಯೆಗಳಿವೆ. ಹೆಸರನ್ನು ನಂಬಿದರೆ ಏನಾಗುತ್ತದೆ ಎಂಬುದು ಕರ್ನಾಟಕದಲ್ಲಿ ಕೆಲಸ ಮಾಡಿದವರಿಗೆ ಗೊತ್ತು. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಳೆಯ ಕಡತದಲ್ಲಿ ಗುಲ್ಬರ್ಗ, ಹೊಸದರಲ್ಲಿ ಕಲಬುರಗಿ. ಕನ್ನಡದಲ್ಲೇ ಬರೆದ ಹಾಳೆಗಳ ಪಾಡು ಬೇರೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ್ದು ಯೂನಿಕೋಡ್ ಅಲ್ಲ, ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರಗಳು. ಪವರ್ ಬಿಐಗೆ ತಂದೊಡನೆ ವೇಷ ಕಳಚುತ್ತದೆ. ಅಂಥ ಕಡತವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಯೂನಿಕೋಡ್ ಆದ ಮೇಲೂ ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರುಗಳಲ್ಲಿ ಒಂದರ ಒಳಗೆ ಅದೃಶ್ಯವಾದ ಜೋಡಕ ಚಿಹ್ನೆ ಇರಬಹುದು. 'ಟ್ರಿಮ್' ಅದನ್ನು ತೆಗೆಯುವುದಿಲ್ಲ, 'ರಿಪ್ಲೇಸ್ ವ್ಯಾಲ್ಯೂಸ್'ನಲ್ಲಿ ಆ ಚಿಹ್ನೆಯನ್ನೇ ಕೊಟ್ಟು ಅಳಿಸಬೇಕು. ಕೋಷ್ಟಕದಲ್ಲಿ ತಾಲ್ಲೂಕಿನ ಹೆಸರಿಲ್ಲದ ಒಂದು ಖಾಲಿ ಸಾಲು ಕಂಡು ಅದರ ಎದುರು ಹಣವೂ ಇದ್ದರೆ, ಎಲ್ಲೋ ಒಂದು ಸಂಕೇತ ತಾಲ್ಲೂಕು ಟೇಬಲ್‌ನಲ್ಲಿ ಸಿಕ್ಕಿಲ್ಲ ಎಂದೇ ಅರ್ಥ. ಆ ಸಾಲನ್ನು ಫಿಲ್ಟರ್ ಹಾಕಿ ಮರೆಮಾಡುವವರಿದ್ದಾರೆ. ಅದು ಲೆಕ್ಕಕ್ಕೆ ಮಾಡುವ ದ್ರೋಹ.

ಇನ್ನು ಮೆಷರ್‌ಗಳನ್ನು ಒಂದೆಡೆ ಇಡುವ ಕೆಲಸ. ಯಾವ ಟೇಬಲ್ ಆರಿಸಿಕೊಂಡು 'ನ್ಯೂ ಮೆಷರ್' ಒತ್ತುತ್ತೀರೋ ಅದರಡಿಯೇ ಮೆಷರ್ ಹುಟ್ಟುತ್ತದೆ. ಹಾಗಾಗಿ ಸ್ವಲ್ಪ ದಿನದಲ್ಲಿ ನಲವತ್ತು ಮೆಷರ್‌ಗಳು ಹತ್ತು ಟೇಬಲ್‌ಗಳಲ್ಲಿ ಚದುರಿರುತ್ತವೆ. ಒಂದೇ ಲೆಕ್ಕ ಮೂರು ಹೆಸರಲ್ಲಿರುತ್ತದೆ, ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ. ಪರಿಹಾರ ಸುಲಭ. 'ಹೋಮ್' ಪಟ್ಟಿಯ 'ಎಂಟರ್ ಡೇಟಾ' ಒತ್ತಿ, ಏನೂ ತುಂಬದೆ, ಟೇಬಲ್‌ಗೆ 'ಅಳತೆಗಳು' ಎಂದು ಹೆಸರಿಟ್ಟು ಲೋಡ್ ಮಾಡಿ. ಇಂಗ್ಲಿಷಿನಲ್ಲಿ ಬರಿದೇ 'ಮೆಷರ್ಸ್' ಎಂದು ಇಡಲಾಗದು, ಆ ಪದವನ್ನು ತಂತ್ರಾಂಶ ತನಗಾಗಿ ಕಾದಿರಿಸಿಕೊಂಡಿದೆ. ಹಿಂದೊಂದು ಅಡಿಗೆರೆ ಸೇರಿಸಿದರೆ ಒಪ್ಪುತ್ತದೆ. ಬಳಿಕ ಒಂದೊಂದೇ ಮೆಷರ್ ಆರಿಸಿ 'ಮೆಷರ್ ಟೂಲ್ಸ್'ನಲ್ಲಿ 'ಹೋಮ್ ಟೇಬಲ್' ಬದಲಿಸಿ. ಎಲ್ಲವೂ ಬಂದ ನಂತರ 'ಕಾಲಂ 1' ಎಂಬ ಹುಸಿ ಕಾಲಂ ಅನ್ನು ಹೈಡ್ ಮಾಡಿ. ಈ ಕ್ರಮ ಮುಖ್ಯ: ಮೊದಲು ಕನಿಷ್ಠ ಒಂದು ಮೆಷರ್ ಒಳಗೆ ಬರಬೇಕು, ಆಮೇಲೆ ಕಾಲಂ ಮರೆಯಾಗಬೇಕು. ಬಲಗಡೆಯ ಪಟ್ಟಿಯನ್ನು ಒಮ್ಮೆ ಮುಚ್ಚಿ ತೆರೆದರೆ ಆ ಟೇಬಲ್ ಬೇರೆಯದೇ ಗುರುತಿನೊಂದಿಗೆ ಎಲ್ಲಕ್ಕಿಂತ ಮೇಲೆ ಬಂದು ನಿಂತಿರುತ್ತದೆ. ಕಾಲಂ ಬದಲು ಟೇಬಲ್ ಅನ್ನೇ ಹೈಡ್ ಮಾಡಿದರೆ ಒಳಗಿನ ಮೆಷರ್‌ಗಳೂ ಕಾಣೆಯಾಗುತ್ತವೆ. ಒಂದು ನಷ್ಟವೂ ಇದೆ. ಈ ಮಾಡೆಲ್‌ಗೆ (ಟೇಬಲ್, ಸಂಬಂಧ, ಮೆಷರ್‌ಗಳ ಒಟ್ಟು ಜೋಡಣೆಗೆ) ಎಕ್ಸೆಲ್ ಪಿವಟ್ ಟೇಬಲ್ ಜೋಡಿಸಿಕೊಂಡವರು ಒಂದು ಅಂಕಿಯ ಮೇಲೆ ಎರಡು ಬಾರಿ ಒತ್ತಿದಾಗ ತೆರೆಯುವುದು ಮೆಷರ್ ಇರುವ ಟೇಬಲ್‌ನ ಸಾಲುಗಳು. ಹುಸಿ ಟೇಬಲ್‌ನಲ್ಲಿ ಸಾಲುಗಳೇ ಇಲ್ಲ. ಆ ಬಳಕೆ ಹೆಚ್ಚಿರುವಲ್ಲಿ ಮೆಷರ್‌ಗಳನ್ನು ಆಯಾ ಟೇಬಲ್‌ನಲ್ಲೇ ಬಿಟ್ಟು, ಅವನ್ನು ಪಟ್ಟಿಯಲ್ಲಿ ಗುಂಪಾಗಿ ತೋರಿಸುವ ಡಿಸ್‌ಪ್ಲೇ ಫೋಲ್ಡರ್ ಮಾತ್ರ ಬಳಸುವುದು ಮೇಲು.

ಡಿಸ್‌ಪ್ಲೇ ಫೋಲ್ಡರ್ ಸಿಗುವುದು ಮಾಡೆಲ್ ವ್ಯೂನಲ್ಲಿ. ಕಂಟ್ರೋಲ್ ಕೀಲಿ ಹಿಡಿದು ಹಲವು ಮೆಷರ್‌ಗಳನ್ನು ಒಟ್ಟಿಗೆ ಆರಿಸಿ, 'ಪ್ರಾಪರ್ಟೀಸ್' ಅಂಕಣದಲ್ಲಿ ಫೋಲ್ಡರ್ ಹೆಸರು ಬರೆಯಬೇಕು. ಒಳಫೋಲ್ಡರ್ ಬೇಕಿದ್ದರೆ ಹಿಮ್ಮುಖ ಓರೆಗೆರೆ: '01 ಆರ್ಥಿಕ\ವರ್ಷಾರಂಭದಿಂದ'. ಫೋಲ್ಡರ್‌ಗಳು ಅಕ್ಷರಕ್ರಮದಲ್ಲೇ ನಿಲ್ಲುವುದರಿಂದ ಮುಂದೆ 01, 02 ಎಂದು ಹಾಕಿಕೊಳ್ಳುವುದು ಒಳ್ಳೆಯದು.

ಈಗ ಕೋಷ್ಟಕ. ಸಾಮಾನ್ಯ 'ಟೇಬಲ್' ವಿಷುಯಲ್‌ನಲ್ಲಿ ಪ್ರತಿ ಮೆಷರ್ ಒಂದು ಕಾಲಂ ಆಗಿ ಅಡ್ಡಕ್ಕೆ ಬೆಳೆಯುತ್ತದೆ. ಹನ್ನೆರಡು ಅಳತೆಗಳಾದರೆ ಪುಟ ದಾಟುತ್ತದೆ. ಸಭೆಗೆ ಬೇಕಾದದ್ದು ಅಳತೆಗಳು ಸಾಲಾಗಿ, ತಾಲ್ಲೂಕು ಅಥವಾ ತಿಂಗಳು ಕಾಲಂ ಆಗಿ ಬರುವ ರೂಪ. ಅದಕ್ಕೆ 'ಮ್ಯಾಟ್ರಿಕ್ಸ್' ಆರಿಸಿ. 'ರೋಸ್' ಖಾಲಿ ಬಿಡಿ, 'ಕಾಲಮ್ಸ್'ಗೆ ತಾಲ್ಲೂಕು, 'ವ್ಯಾಲ್ಯೂಸ್'ಗೆ ಮೆಷರ್‌ಗಳು. ಬಳಿಕ ಫಾರ್ಮ್ಯಾಟ್ ಅಂಕಣದ 'ವ್ಯಾಲ್ಯೂಸ್', 'ಆಪ್ಷನ್ಸ್' ಒಳಗೆ 'ಸ್ವಿಚ್ ವ್ಯಾಲ್ಯೂಸ್ ಟು ರೋಸ್' ಚಾಲೂ ಮಾಡಿ. ಹಿಂದಿನ ಆವೃತ್ತಿಗಳಲ್ಲಿ ಇದಕ್ಕೆ 'ಶೋ ಆನ್ ರೋಸ್' ಎಂದಿತ್ತು. ವ್ಯಾಲ್ಯೂಸ್ ಪೆಟ್ಟಿಗೆಯಲ್ಲಿ ಯಾವ ಕ್ರಮದಲ್ಲಿ ಜೋಡಿಸಿದ್ದೀರೋ ಅದೇ ಕ್ರಮದಲ್ಲಿ ಸಾಲುಗಳು ಬರುತ್ತವೆ. ಹೆಸರಿನ ಮೇಲೆ ಎರಡು ಬಾರಿ ಒತ್ತಿ ಈ ಕೋಷ್ಟಕಕ್ಕೆ ಮಾತ್ರ ಬೇರೆ ಹೆಸರು ಕೊಡಬಹುದು, ಮೂಲ ಮೆಷರ್ ಹೆಸರು ಬದಲಾಗುವುದಿಲ್ಲ. ಪ್ರತಿ ಮೆಷರ್ ತನ್ನದೇ ಫಾರ್ಮ್ಯಾಟ್ ಉಳಿಸಿಕೊಳ್ಳುತ್ತದೆ. ಹತ್ತರಲ್ಲಿ ಎಂಟು ಸಲ ಇಷ್ಟೇ ಸಾಕು.

ಉಳಿದ ಎರಡು ಸಲ ಸಾಲುಗಳ ನಡುವೆ 'ಭೌತಿಕ ಪ್ರಗತಿ', 'ಆರ್ಥಿಕ ಪ್ರಗತಿ' ಎಂಬ ಉಪಶೀರ್ಷಿಕೆ ಬೇಕಾಗುತ್ತದೆ. ಮೆಷರ್‌ಗಳನ್ನು ಸುಮ್ಮನೆ ಸಾಲಾಗಿಸಿದರೆ ಅದು ಬರುವುದಿಲ್ಲ. ಆಗ ಯಾವುದಕ್ಕೂ ಸಂಬಂಧ ಎಳೆಯದ ಒಂದು ಚಿಕ್ಕ ಟೇಬಲ್ ಬೇಕು. 'ಎಂಟರ್ ಡೇಟಾ'ದಲ್ಲಿ ಗುಂಪು, ಸಾಲು, ಕ್ರಮ ಎಂಬ ಮೂರು ಕಾಲಂ ಮಾಡಿ 'ಸಾಲುಪಟ್ಟಿ' ಎಂದು ಹೆಸರಿಡಿ. ಕ್ರಮಕ್ಕೆ 10, 20, 30 ಎಂದು ಅಂತರ ಬಿಟ್ಟು ಕೊಡಿ; ನಡುವೆ ಹೊಸ ಸಾಲು ಬಂದೇ ಬರುತ್ತದೆ. ಮುಂದೆ ತಿದ್ದಬೇಕಾದರೆ ಪವರ್ ಕ್ವೆರಿ ತೆರೆದು 'ಸೋರ್ಸ್' ಹಂತದ ಪಕ್ಕದ ಹಲ್ಲುಗಾಲಿ ಗುರುತನ್ನು ಒತ್ತಬೇಕು. 'ಸಾಲು' ಕಾಲಂ ಆರಿಸಿ, 'ಸಾರ್ಟ್ ಬೈ ಕಾಲಂ'ನಲ್ಲಿ 'ಕ್ರಮ' ಕೊಡಿ. ಒಂದೇ ಹೆಸರಿಗೆ ಎರಡು ಕ್ರಮ ಸಂಖ್ಯೆ ಇದ್ದರೆ ಇದು ಒಪ್ಪುವುದಿಲ್ಲ. ಭೌತಿಕದಲ್ಲೂ 'ಶೇಕಡಾವಾರು', ಆರ್ಥಿಕದಲ್ಲೂ 'ಶೇಕಡಾವಾರು' ಎಂದು ಬರೆದವರಿಗೆ ಇಲ್ಲೇ ದೋಷ ಸಂದೇಶ ಬರುವುದು. 'ಸಾಧನೆಯ ಶೇಕಡ', 'ವೆಚ್ಚದ ಶೇಕಡ' ಎಂದು ಬೇರೆ ಮಾಡಿ. ನಂತರ, ಸಾಲಿನ ಕ್ರಮ ಸಂಖ್ಯೆ ನೋಡಿ ಅದಕ್ಕೆ ತಕ್ಕ ಬೆಲೆ ಆರಿಸುವ ಒಂದೇ ಮೆಷರ್:

ಕೋಷ್ಟಕ ಬೆಲೆ = ಸ್ವಿಚ್(ಸೆಲೆಕ್ಟೆಡ್‌ವ್ಯಾಲ್ಯೂ('ಸಾಲುಪಟ್ಟಿ'[ಕ್ರಮ]), 10, [ಗುರಿ], 20, [ಸಾಧನೆ], 30, [ಸಾಧನೆಯ ಶೇಕಡ], 40, [ಬಿಡುಗಡೆ], 50, [ವೆಚ್ಚ], 60, [ವೆಚ್ಚದ ಶೇಕಡ])

ಹೆಸರನ್ನು ಬಿಟ್ಟು ಕ್ರಮ ಸಂಖ್ಯೆಯನ್ನು ಆಧಾರವಾಗಿ ಹಿಡಿದದ್ದಕ್ಕೆ ಕಾರಣ, ಶೀರ್ಷಿಕೆಯ ಕಾಗುಣಿತವನ್ನು ಯಾರೋ ತಿದ್ದಿದ ದಿನ ಇಡೀ ಸಾಲು ಖಾಲಿಯಾಗಬಾರದು ಎಂಬುದು. ಮ್ಯಾಟ್ರಿಕ್ಸ್‌ನ 'ರೋಸ್'ಗೆ ಗುಂಪು, ಅದರ ಕೆಳಗೆ ಸಾಲು. 'ವ್ಯಾಲ್ಯೂಸ್'ಗೆ ಈ ಒಂದು ಮೆಷರ್. ಗುಂಪಿನ ಸಾಲಿನಲ್ಲಿ ಹಲವು ಕ್ರಮ ಸಂಖ್ಯೆಗಳಿರುವುದರಿಂದ ಅಲ್ಲಿ ಬೆಲೆ ಖಾಲಿ ಬರುತ್ತದೆ, ಅದೇ ನಮಗೆ ಉಪಶೀರ್ಷಿಕೆ. ಸಾಲುಗಳ ಒಟ್ಟು ಮೊತ್ತವನ್ನು ಆಫ್ ಮಾಡಿಬಿಡಿ, ರೂಪಾಯಿಯನ್ನೂ ಶೇಕಡಾವಾರನ್ನೂ ಒಟ್ಟಿಗೆ ಕೂಡಿದರೆ ಅರ್ಥವಿಲ್ಲ.

ಒಂದೇ ಮೆಷರ್‌ನಲ್ಲಿ ಸಂಖ್ಯೆ, ರೂಪಾಯಿ, ಶೇಕಡ ಮೂರೂ ಬರುವುದರಿಂದ ಫಾರ್ಮ್ಯಾಟ್ ತೊಡಕಾಗುತ್ತದೆ. ಬಹಳಷ್ಟು ಜನ ಸೂತ್ರದೊಳಗೆ 'ಫಾರ್ಮ್ಯಾಟ್' ಫಂಕ್ಷನ್ ಹಾಕುತ್ತಾರೆ. ಕೋಷ್ಟಕದಲ್ಲಿ ಚೆನ್ನಾಗೇ ಕಾಣುತ್ತದೆ, ಆದರೆ ಅದು ಅಂಕಿಯನ್ನು ಪಠ್ಯವಾಗಿಸಿಬಿಡುತ್ತದೆ. ಪಠ್ಯದಿಂದ ಚಾರ್ಟ್ ಬರುವುದಿಲ್ಲ. ವಿಂಗಡಿಸಿದರೆ 20ಕ್ಕಿಂತ ಮೊದಲು 100 ಬರುತ್ತದೆ. 'ಮೆಷರ್ ಟೂಲ್ಸ್'ನ ಫಾರ್ಮ್ಯಾಟ್ ಪಟ್ಟಿಯಲ್ಲಿ 'ಡೈನಾಮಿಕ್' ಎಂಬ ಆಯ್ಕೆ 2023ರಲ್ಲಿ ಬಂದಿದೆ. ಅದನ್ನು ಆರಿಸಿ, ಅಲ್ಲಿಯೂ ಇದೇ ಸ್ವಿಚ್ ಬರೆದು, 30 ಮತ್ತು 60ಕ್ಕೆ "0.0%", ಉಳಿದವಕ್ಕೆ "#,0.0" ಕೊಟ್ಟರೆ ಅಂಕಿ ಅಂಕಿಯಾಗಿಯೇ ಉಳಿಯುತ್ತದೆ.

ಲಕ್ಷ-ಕೋಟಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. 'ಡಿಸ್‌ಪ್ಲೇ ಯೂನಿಟ್ಸ್' ಪಟ್ಟಿಯಲ್ಲಿರುವುದು ಸಾವಿರ, ಮಿಲಿಯನ್, ಬಿಲಿಯನ್, ಟ್ರಿಲಿಯನ್. ಫಾರ್ಮ್ಯಾಟ್ ಸಾಲಿನ ಕೊನೆಗೆ ಅಲ್ಪವಿರಾಮ ಹಾಕಿದರೆ ಪ್ರತಿ ಅಲ್ಪವಿರಾಮಕ್ಕೂ ಸಾವಿರದಿಂದ ಭಾಗವಾಗುತ್ತದೆ, ಹಾಗಾಗಿ ಆ ದಾರಿಯಲ್ಲೂ ಲಕ್ಷ ಸಿಗದು. ದತ್ತಾಂಶವನ್ನು ಪೂರ್ತಿ ರೂಪಾಯಿಯಲ್ಲಿಟ್ಟುಕೊಂಡು, 1,00,000ದಿಂದ ಭಾಗಿಸುವ ಮೆಷರ್ ಬೇರೆ ಬರೆದು, ಹೆಸರಿನಲ್ಲೇ 'ಲಕ್ಷ ರೂ.' ಎಂದು ನಮೂದಿಸುವುದು ಗಟ್ಟಿ ಉಪಾಯ. ಸೂತ್ರದಲ್ಲಿ ರೌಂಡ್ ಮಾಡಬೇಡಿ, ದಶಮಾಂಶವನ್ನು ಫಾರ್ಮ್ಯಾಟ್‌ಗೆ ಬಿಡಿ. 10.4 ಲಕ್ಷದ ಮೂರು ಸಾಲುಗಳು 10, 10, 10 ಎಂದು ಕಾಣಿಸಿ ಮೊತ್ತ 31 ಎಂದು ಬಂದಾಗ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಡಿಟಿಪ್ಪಣಿಯ ಒಂದು ಸಾಲು ಅದಕ್ಕೆ ಸಾಕು.

ಮೊತ್ತದ ಸಾಲಿಗೆ ಮತ್ತೆ ಬರೋಣ, ಅಸಲಿ ವಿಷಯ ಅಲ್ಲಿದೆ. ಎಲ್ಲ ಅಳತೆಗಳೂ ಒಂದೇ ಜಾತಿಯವಲ್ಲ. ವೆಚ್ಚವನ್ನು ತಾಲ್ಲೂಕಿನ ಮೇಲೂ ತಿಂಗಳ ಮೇಲೂ ಕೂಡಬಹುದು. ತಿಂಗಳ ಕೊನೆಯ ಬ್ಯಾಂಕ್ ಉಳಿಕೆಯನ್ನು ತಾಲ್ಲೂಕುಗಳ ಮೇಲೆ ಕೂಡಬಹುದು, ತಿಂಗಳುಗಳ ಮೇಲೆ ಕೂಡಲಾಗದು. ಏಪ್ರಿಲ್ ಉಳಿಕೆಗೆ ಮೇ ಉಳಿಕೆ ಸೇರಿಸಿದರೆ ಒಂದೇ ಹಣವನ್ನು ಎರಡು ಸಲ ಎಣಿಸಿದಂತೆ. ಅದಕ್ಕೆ 'ಲಾಸ್ಟ್‌ನಾನ್‌ಬ್ಲ್ಯಾಂಕ್‌ವ್ಯಾಲ್ಯೂ' ಬಳಸಿ ಅವಧಿಯ ಕೊನೆಯ ಬೆಲೆಯನ್ನಷ್ಟೇ ತೆಗೆಯಬೇಕು. ಫಲಾನುಭವಿಗಳ ಸಂಖ್ಯೆಗೆ, ಒಬ್ಬರನ್ನು ಒಮ್ಮೆ ಮಾತ್ರ ಎಣಿಸುವ 'ಡಿಸ್ಟಿಂಕ್ಟ್‌ಕೌಂಟ್' ಬಳಸುತ್ತೇವೆ. ಎರಡು ಯೋಜನೆಗಳಲ್ಲಿ ಹೆಸರಿರುವ ಒಬ್ಬರು ಎರಡೂ ಸಾಲಿನಲ್ಲಿ ಎಣಿಕೆಯಾಗುತ್ತಾರೆ, ಮೊತ್ತದಲ್ಲಿ ಒಮ್ಮೆ ಮಾತ್ರ. ಮೊತ್ತ ಸಾಲುಗಳ ಕೂಡಿಕೆಗಿಂತ ಕಡಿಮೆ ಬಂದರೆ ಅದು ಸರಿಯೇ. ಷರಾದಲ್ಲಿ ಬರೆದುಬಿಟ್ಟರೆ ಆಯಿತು.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ ಕೊರತೆಯದು. ಗುರಿಯಿಂದ ಸಾಧನೆ ಕಳೆದು, ಋಣವಾದರೆ ಸೊನ್ನೆ ಎಂದು ಮೆಷರ್ ಬರೆದಿದ್ದೀರಿ ಎನ್ನೋಣ. ಒಂದು ತಾಲ್ಲೂಕಿಗೆ 500 ಮನೆ ಗುರಿ, ಕಟ್ಟಿದ್ದು 600. ಇನ್ನೊಂದಕ್ಕೂ 500 ಗುರಿ, ಕಟ್ಟಿದ್ದು 400. ತಾಲ್ಲೂಕಿನ ಸಾಲುಗಳಲ್ಲಿ ಕೊರತೆ 0 ಮತ್ತು 100 ಎಂದು ಸರಿಯಾಗಿಯೇ ಇರುತ್ತದೆ. ಮೊತ್ತದ ಸಾಲಿನಲ್ಲಿ ಗುರಿ 1000, ಸಾಧನೆ 1000, ಕೊರತೆ ಸೊನ್ನೆ! ಒಂದು ತಾಲ್ಲೂಕಿನ ಹೆಚ್ಚುವರಿ ಮನೆ ಇನ್ನೊಂದು ತಾಲ್ಲೂಕಿನ ಮನೆಯಿಲ್ಲದವರನ್ನು ಮರೆಮಾಡಿತು. ಇಲ್ಲಿ ಸಾಲುಗಳನ್ನೇ ಕೂಡಬೇಕು:

ಒಟ್ಟು ಕೊರತೆ = ಸಮ್‌ಎಕ್ಸ್(ವ್ಯಾಲ್ಯೂಸ್('ತಾಲ್ಲೂಕು'[ಸಂಕೇತ]), [ಕೊರತೆ])

ಸಮ್‌ಎಕ್ಸ್ ತಾಲ್ಲೂಕುಗಳನ್ನು ಒಂದೊಂದಾಗಿ ಹಿಡಿದು ಕೊರತೆ ಲೆಕ್ಕ ಹಾಕಿ ಕೂಡುತ್ತದೆ, ಮೊತ್ತ 100 ಬರುತ್ತದೆ. ಇದನ್ನು ಕಲಿತವರು ಆಮೇಲೆ ಶೇಕಡಾವಾರಿಗೂ ಇದನ್ನೇ ಹಚ್ಚಿ ಮೊತ್ತದಲ್ಲಿ ಶೇ 320 ತೋರಿಸಿದ್ದೂ ಉಂಟು. ಯಾವ ಅಳತೆಗೆ ಯಾವ ಮೊತ್ತ ಎಂಬುದನ್ನು ತಂತ್ರಾಂಶ ಹೇಳುವುದಿಲ್ಲ, ಆ ಯೋಜನೆ ತಿಳಿದವರೇ ಹೇಳಬೇಕು. ತಾಲ್ಲೂಕುಗಳ ಸರಳ ಸರಾಸರಿಯೇ ಬೇಕು ಎನ್ನುವ ಸಂದರ್ಭವೂ ಇರಬಹುದು. ಅಧಿಕಾರಿಗಳ ಕಾರ್ಯಕ್ಷಮತೆ ಹೋಲಿಸುವಾಗ ಅದಕ್ಕೂ ಅರ್ಥವಿದೆ. ಆಗ 'ಆವರೇಜ್‌ಎಕ್ಸ್' ಬಳಸಿ 'ತಾಲ್ಲೂಕುಗಳ ಸರಾಸರಿ' ಎಂದೇ ಹೆಸರಿಡಿ. ಅದನ್ನು 'ಜಿಲ್ಲೆಯ ಪ್ರಗತಿ' ಎಂದು ಕರೆಯಬೇಡಿ.

ಖಾಲಿ ಕೋಶವನ್ನು ಕಂಡರೆ ಕೆಲವು ಅಧಿಕಾರಿಗಳಿಗೆ ಆಗದು. ಅವರ ಸಮಾಧಾನಕ್ಕೆ ಮೆಷರ್‌ಗೆ '+ 0' ಸೇರಿಸುತ್ತಾರೆ. ಖಾಲಿ ಬೆಲೆಯ ಸಾಲುಗಳನ್ನು ಪವರ್ ಬಿಐ ತಾನಾಗಿ ಬಿಟ್ಟುಬಿಡುತ್ತದೆ, ಸೊನ್ನೆಯ ಸಾಲುಗಳನ್ನು ಬಿಡುವುದಿಲ್ಲ. ಆ ತಾಲ್ಲೂಕಿಗೆ ಅನ್ವಯವೇ ಆಗದ ಯೋಜನೆಗಳೂ ಆಗ ಸೊನ್ನೆ ಹೊತ್ತು ಸಾಲುಗಟ್ಟಿ ಬರುತ್ತವೆ, ಕೋಷ್ಟಕ ನಿಧಾನವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅನುದಾನವೇ ಬಾರದ್ದಕ್ಕೂ ಬಂದ ಹಣ ಖರ್ಚಾಗದ್ದಕ್ಕೂ ವ್ಯತ್ಯಾಸ ಅಳಿಸಿಹೋಗುತ್ತದೆ. ಬಿಡುಗಡೆ ಇದ್ದಾಗ ಮಾತ್ರ ಸೊನ್ನೆ ತೋರಿಸಿ: ಇಫ್(ನಾಟ್ ಇಸ್‌ಬ್ಲ್ಯಾಂಕ್([ಬಿಡುಗಡೆ]), [ವೆಚ್ಚ] + 0).

ಆರ್ಥಿಕ ವರ್ಷ ಏಪ್ರಿಲ್‌ನಿಂದ ಆರಂಭವಾಗುತ್ತದೆಂದು ತಂತ್ರಾಂಶಕ್ಕೆ ತಾನಾಗಿ ತಿಳಿಯದು. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ, ನಡುವೆ ಒಂದು ದಿನವೂ ಬಿಡದ ದಿನಾಂಕ ಟೇಬಲ್ ಮಾಡಿ, 'ಮಾರ್ಕ್ ಆ್ಯಸ್ ಡೇಟ್ ಟೇಬಲ್' ಕೊಡಬೇಕು. ವರ್ಷಾರಂಭದಿಂದ ಮೊತ್ತ ಕೊಡುವ 'ಟೋಟಲ್‌ವೈಟಿಡಿ' ಫಂಕ್ಷನ್‌ನಲ್ಲಿ ವರ್ಷಾಂತ್ಯವಾಗಿ "31-3" ನಮೂದಿಸಬೇಕು. ಬಿಟ್ಟರೆ ಜನವರಿಗೆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ತಿಂಗಳ ಹೆಸರನ್ನು ಹಾಗೇ ಬಿಟ್ಟರೆ ಕನ್ನಡ ಅಕ್ಷರಕ್ರಮದಲ್ಲಿ ಅಕ್ಟೋಬರ್, ಆಗಸ್ಟ್, ಏಪ್ರಿಲ್ ಎಂದು ನಿಲ್ಲುತ್ತವೆ. ತಿಂಗಳ ಸಂಖ್ಯೆಯಿಂದ 4 ಕಳೆದು, 'ಮಾಡ್' ಫಂಕ್ಷನ್‌ನಿಂದ 12ರ ಶೇಷ ತೆಗೆದು, 1 ಕೂಡಿದರೆ ಏಪ್ರಿಲ್ 1, ಮಾರ್ಚ್ 12 ಆಗುತ್ತದೆ. ಆ ಕಾಲಂ ಮೇಲೆ ವಿಂಗಡಿಸಿ. ಹಿಂದಿನ ವರ್ಷದೊಂದಿಗೆ ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಈ ತಿಂಗಳ ಲೆಕ್ಕ 10ನೇ ತಾರೀಖಿನವರೆಗೆ ಮಾತ್ರ ಬಂದಿದ್ದರೂ ಕಳೆದ ವರ್ಷದ ಆ ತಿಂಗಳು ಪೂರ್ತಿ ಬರುತ್ತದೆ, ಕುಸಿತವಿಲ್ಲದೆಯೂ ಕುಸಿತ ಕಾಣುತ್ತದೆ. ಗಡಿಗಳು ಬದಲಾದ ಜಿಲ್ಲೆಗಳಲ್ಲಂತೂ, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಹಾಗೆ, ಹಳೆಯ ವರ್ಷದ ಅಂಕಿಯನ್ನು ಈಗಿನ ತಾಲ್ಲೂಕುಗಳ ಮೇಲೆ ಮತ್ತೆ ಕೂಡಿಸದೆ ಹೋಲಿಕೆ ಸಲ್ಲದು.

ಎಂಟು ಅಳತೆಗಳಿಗೂ 'ಈ ತಿಂಗಳು', 'ವರ್ಷಾರಂಭದಿಂದ', 'ಕಳೆದ ವರ್ಷ', 'ವ್ಯತ್ಯಾಸ' ಎಂದು ಬೇರೆ ಬೇರೆ ಬರೆದರೆ 32 ಮೆಷರ್‌ಗಳಾಗುತ್ತವೆ. ಒಂದೇ ಲೆಕ್ಕವನ್ನು ಹಲವು ಮೆಷರ್‌ಗಳಿಗೆ ಅನ್ವಯಿಸುವ ಕ್ಯಾಲ್ಕುಲೇಷನ್ ಗ್ರೂಪ್ ಬಳಸಿದರೆ 8 ಮೆಷರ್ ಮತ್ತು 4 ಐಟಂ ಸಾಕು. ಐಟಂನ ಸೂತ್ರದಲ್ಲಿ ಮೆಷರ್ ಹೆಸರಿನ ಬದಲು 'ಸೆಲೆಕ್ಟೆಡ್‌ಮೆಷರ್' ಎಂದು ಬರೆಯುವುದು, ಅಷ್ಟೇ. ಶೇಕಡಾವಾರಿಗೆ ಅನ್ವಯಿಸಿದರೂ ಅಂಶ, ಛೇದ ಎರಡೂ ವರ್ಷಾರಂಭದಿಂದ ಲೆಕ್ಕವಾಗಿ ಉತ್ತರ ಸರಿ ಬರುತ್ತದೆ. ಮೊದಲ ಗ್ರೂಪ್ ಮಾಡಿದ ಕೂಡಲೇ ಕಾಲಂಗಳನ್ನು ನೇರ ಎಳೆದು ಮೊತ್ತ ಪಡೆಯುವ ಸೌಲಭ್ಯ ಆ ಮಾಡೆಲ್‌ನಲ್ಲಿ ನಿಂತುಹೋಗುತ್ತದೆ. ಏನೋ ಕೆಟ್ಟಿತೆಂದು ಗಾಬರಿ ಬೇಡ. ಎಲ್ಲಕ್ಕೂ ಮೆಷರ್ ಬರೆಯಿರಿ ಎಂದು ತಂತ್ರಾಂಶ ಒತ್ತಾಯಿಸುತ್ತಿದೆ, ಒಳ್ಳೆಯದೇ.

ಪವರ್ ಬಿಐ ಇಲ್ಲದ ಕಚೇರಿಯವರು ಎಕ್ಸೆಲ್ ಪಿವಟ್ ಟೇಬಲ್‌ನ 'ಕ್ಯಾಲ್ಕುಲೇಟೆಡ್ ಫೀಲ್ಡ್' ಬಳಸಬಹುದು. ಅದು ಮೊದಲು ಎರಡನ್ನೂ ಕೂಡಿ ಆಮೇಲೆ ಭಾಗಿಸುವುದರಿಂದ ಶೇಕಡಾವಾರಿನ ಮೊತ್ತ ಸರಿಯಾಗಿರುತ್ತದೆ. ಕೊರತೆಯಂಥ ಲೆಕ್ಕ ಮಾತ್ರ ಅಲ್ಲಿ ಸರಿ ಬರುವುದಿಲ್ಲ, ಕಾರಣ ಮೇಲೆ ಹೇಳಿದ್ದೇ.

ತಮ್ಮಲ್ಲಿ ಒಂದು ವಿನಂತಿ. ಎಸ್‌ಎಸ್‌ಎಲ್‌ಸಿ ಫಲಿತಾಂಶವಿರಲಿ, ಅನುದಾನದ ಪ್ರಗತಿಯಿರಲಿ, ತಾಲ್ಲೂಕುವಾರು ಶೇಕಡಾವಾರು ಪ್ರಕಟಿಸುವಾಗ ಅದರ ಪಕ್ಕದಲ್ಲಿ ಹಾಜರಾದವರು ಮತ್ತು ತೇರ್ಗಡೆಯಾದವರು, ಅಥವಾ ಬಿಡುಗಡೆ ಮತ್ತು ವೆಚ್ಚ, ಈ ಎರಡು ಕಾಲಂಗಳನ್ನೂ ಅಚ್ಚು ಹಾಕಿ. ಜಾಗ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ನಿಜ. ಓದುಗರು ಕೊನೆಯ ಸಾಲನ್ನು ತಾವೇ ಪರೀಕ್ಷಿಸಬಹುದು.

ಕೋಷ್ಟಕ ತಯಾರಿಸುವವರಿಗೆ ಒಂದು ಮಾತು. ಪ್ರತಿ ಮೆಷರ್‌ಗೂ ಪ್ರಾಪರ್ಟೀಸ್‌ನಲ್ಲಿ 'ಡಿಸ್ಕ್ರಿಪ್ಷನ್' ಎಂಬ ಜಾಗವಿದೆ. ಯಾವುದನ್ನು ಯಾವುದರಿಂದ ಭಾಗಿಸಿದೆ, ಮೊತ್ತದ ಸಾಲು ಹೇಗೆ ಬಂದಿದೆ ಎಂದು ಅಲ್ಲಿ ಎರಡು ಸಾಲು ಕನ್ನಡದಲ್ಲಿ ಬರೆಯಿರಿ. 'ನ್ಯೂ ಟೇಬಲ್' ಒತ್ತಿ 'ಇನ್ಫೋ.ವ್ಯೂ.ಮೆಷರ್ಸ್' ಫಂಕ್ಷನ್ ಕೊಟ್ಟರೆ ಮಾಡೆಲ್‌ನ ಎಲ್ಲ ಮೆಷರ್‌ಗಳ ಹೆಸರು, ಸೂತ್ರ, ಫೋಲ್ಡರ್, ವಿವರಣೆ ಒಂದು ಟೇಬಲ್ ಆಗಿ ಸಿಗುತ್ತದೆ. ರಿಫ್ರೆಶ್ ಮಾಡಿದಾಗ ಅದೂ ಹೊಸದಾಗುತ್ತದೆ. ಅದರಲ್ಲಿ ಹೆಸರು ಮತ್ತು ವಿವರಣೆಯ ಕಾಲಂಗಳನ್ನು ವರದಿಯ ಕೊನೆಯ ಪುಟದಲ್ಲಿ ಅನುಬಂಧವಾಗಿ ಹಾಕಿ, ಸಭೆಗೆ ಹಂಚುವ ಪ್ರತಿಯಲ್ಲೂ ಸೇರಿಸಿ.

ಇತಿ,
ದತ್ತಾಂಶ ಮತ್ತು ಲೆಕ್ಕಪತ್ರ ಕೆಲಸದಲ್ಲಿರುವ ಕೆಲವು ಓದುಗರು
ದಾವಣಗೆರೆ